ಜವಾಬು ಇದ್ದವನೇ ಜವಾಬ್ದಾರ



ನಮ್ಮ ಅಕ್ಕಲಕೋಟೆ ಕಡೆ ಒಂದು ಮಾತು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ. ಯಾರಾದರೂ ಒಪ್ಪಿಕೊಂಡ ಕೆಲಸ ಮಾಡದಿದ್ದರೆ ಮರಾಠಿಯಲ್ಲಿ 'ಜಾಬ್ ವಿಚಾರಾ' ಎನ್ನುತ್ತಾರೆ. ಕನ್ನಡದಲ್ಲಿ ನಾವು 'ಜವಾಬು ಕೇಳ್ರಿ' ಎನ್ನುತ್ತೇವೆ. ಎರಡೂ ಒಂದೇ ಬೇರಿನ ಮಾತು. 'ಜವಾಬ್ದಾರ' ಎಂಬ ಮಾತನ್ನೂ ಬಿಡಿಸಿ ನೋಡಿ. ಜಮೀನು ಇದ್ದವನು ಜಮೀನುದಾರ, ಅಂಗಡಿ ಇದ್ದವನು ಅಂಗಡಿಕಾರ, ಜವಾಬು ಇದ್ದವನು ಜವಾಬ್ದಾರ. ಕೇಳಿದಾಗ ಉತ್ತರ ಕೊಡಬೇಕಾದವನು ಎಂದರ್ಥ. ಪುಸ್ತಕದಲ್ಲಿ 'ಉತ್ತರದಾಯಿತ್ವ' ಎಂದು ಬರೆಯುತ್ತಾರೆ. ನಮಗೆ ಜವಾಬು ಸಾಕು.

ಈ ದಿನ ನಾನು ಮಾತಾಡಬೇಕೆಂದಿರುವುದು ಒಂದು ದೊಡ್ಡ ಪಟ್ಟಣದ ಮೇಯರ್‌ನ ಜವಾಬಿನ ಬಗ್ಗೆ. ಆ ಪಟ್ಟಣ ಲಂಡನ್. ಇಷ್ಟು ದೂರದ ಊರು ನಮಗೇಕೆ ಎಂದು ನೀವು ಕೇಳಬಹುದು. ನಮ್ಮ ಕಡೆಯ ಮನೆಮನೆಯ ಹುಡುಗರು ಮುಂಬೈ, ಪುಣೆಯಲ್ಲಿ ದುಡಿಯುತ್ತಾರೆ. ಹೊಸೂರು, ತಾಳವಾಡಿ, ಮಡಕಶಿರಾ ಕಡೆಯವರು ಬೆಂಗಳೂರಿಗೆ ಹೋಗುತ್ತಾರೆ. ಬಸ್ಸು ಸಿಗಲಿಲ್ಲ, ಬಾಡಿಗೆ ಏರಿತು, ಪೊಲೀಸರು ದೂರು ಬರೆದುಕೊಳ್ಳಲಿಲ್ಲ ಎಂದು ಅವರು ಫೋನಿನಲ್ಲಿ ಹೇಳುವುದನ್ನು ನಾವು ಕೇಳಿದ್ದೇವೆ. ಈ ಮೂರನ್ನೂ ಒಬ್ಬ ಮನುಷ್ಯನನ್ನು ಎದುರಿಗೆ ನಿಲ್ಲಿಸಿ ಕೇಳುವ ಏರ್ಪಾಡು ಎಲ್ಲಾದರೂ ಇದೆಯೇ? ಲಂಡನ್‌ನಲ್ಲಿದೆ. ಪೂರ್ತಿ ಸರಿಯಾಗಿಲ್ಲ, ಆದರೆ ಇದೆ.

ಮೊದಲು ಒಂದು ಗೊಂದಲ ಬಿಡಿಸೋಣ. ಲಂಡನ್‌ನಲ್ಲಿ ಮೇಯರ್ ಎನಿಸಿಕೊಳ್ಳುವವರು ಹಲವರು. ಪಟ್ಟಣದಲ್ಲಿ 32 ಬರೋಗಳಿವೆ, ಅಂದರೆ 32 ಸ್ಥಳೀಯ ಪಾಲಿಕೆಗಳು. ಇವುಗಳಲ್ಲಿ ಹೆಚ್ಚಿನ ಕಡೆ ಮೇಯರ್ ಹುದ್ದೆ ಗೌರವದ್ದು. ಕಲಬುರಗಿ ಕಡೆಯಿಂದ ಹೋದ ನೀರಜ್ ಪಾಟೀಲರು 2010ರಲ್ಲಿ ಲ್ಯಾಂಬೆತ್ ಎಂಬ ಬರೋದ ಮೇಯರ್ ಆಗಿದ್ದರು. ಅದೇ ಲ್ಯಾಂಬೆತ್‌ನಲ್ಲಿ, ಥೇಮ್ಸ್ ನದಿಯ ದಂಡೆಯ ಮೇಲೆ, 2015ರ ನವೆಂಬರ್‌ನಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣವಾಯಿತು. ನಮಗೆ ಹೆಮ್ಮೆಯ ಸಂಗತಿ. ಆದರೆ ಬಸ್ಸು, ರೈಲು, ಪೊಲೀಸು ಬರೋ ಮೇಯರ್ ಕೈಯಲ್ಲಿಲ್ಲ. ಅವು ಇಡೀ ಪಟ್ಟಣಕ್ಕೆ ಒಬ್ಬನೇ ಇರುವ ಲಂಡನ್ ಮೇಯರ್‌ನ ಕೈಯಲ್ಲಿವೆ.

ಈ ಹುದ್ದೆ ಹಳೆಯದೇನೂ ಅಲ್ಲ. 1986ರಲ್ಲಿ ಥ್ಯಾಚರ್ ಸರಕಾರ ಲಂಡನ್ನಿನ ದೊಡ್ಡ ಕೌನ್ಸಿಲನ್ನೇ ರದ್ದುಮಾಡಿತು. ಮುಂದೆ 14 ವರ್ಷ ಇಡೀ ಪಟ್ಟಣಕ್ಕೆ ಒಂದು ಚುನಾಯಿತ ಆಡಳಿತವೇ ಇರಲಿಲ್ಲ. 1998ರಲ್ಲಿ ಜನರ ಮತ ಕೇಳಿದರು. ಮತ ಹಾಕಿದವರಲ್ಲಿ ನೂರಕ್ಕೆ 72 ಮಂದಿ ಬೇಕು ಎಂದರು. 2000ದಲ್ಲಿ ಜನರೇ ನೇರವಾಗಿ ಆರಿಸಿದ ಮೊದಲ ಮೇಯರ್ ಕೆನ್ ಲಿವಿಂಗ್‌ಸ್ಟನ್. 2008ರಿಂದ ಎಂಟು ವರ್ಷ ಬೋರಿಸ್ ಜಾನ್ಸನ್. 2016ರಲ್ಲಿ ಆರಿಸಿಬಂದ ಸಾದಿಕ್ ಖಾನ್ 2021ರಲ್ಲೂ 2024ರಲ್ಲೂ ಗೆದ್ದರು. ಖಾನರ ತಂದೆ ಅದೇ ಲಂಡನ್ನಿನಲ್ಲಿ ಬಸ್ಸು ಓಡಿಸುತ್ತಿದ್ದವರು.

ಮೇಯರ್ ಜೊತೆಗೇ ಜನ 25 ಸದಸ್ಯರ ಒಂದು ಸಭೆಯನ್ನೂ ಆರಿಸುತ್ತಾರೆ. ಅದರ ಹೆಸರು ಲಂಡನ್ ಅಸೆಂಬ್ಲಿ. ಮೇಯರ್‌ಗೆ ಜವಾಬು ಕೇಳುವುದೇ ಅದರ ದೊಡ್ಡ ಕೆಲಸ. ವರ್ಷಕ್ಕೆ ಹತ್ತು ಸಲ ಮೇಯರ್ ಆ ಸಭೆಯ ಮುಂದೆ ಕೂತು, ಎಲ್ಲ ಪಕ್ಷದ ಸದಸ್ಯರ ಪ್ರಶ್ನೆಗೂ ಜನರೆದುರೇ ಉತ್ತರ ಕೊಡಬೇಕು. ಬಾಯಿಮಾತಿನಲ್ಲಿ ಮುಗಿಯದ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಬರುತ್ತದೆ, ಅದನ್ನು ಯಾರು ಬೇಕಾದರೂ ಓದಬಹುದು. ಇದಲ್ಲದೆ ವರ್ಷಕ್ಕೆ ಎರಡು ಸಲ ಸಾಮಾನ್ಯ ಜನರೇ ಎದ್ದುನಿಂತು ಕೇಳುವ ಸಭೆಯೂ ಉಂಟು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ನಮ್ಮಲ್ಲಿ ಗಾದೆಯಿದೆ. ಮೇಯರ್ ಆದವನಿಗೂ ಹಾಗೆಯೇ, ಈ ಸಭೆ ತಪ್ಪುವುದಿಲ್ಲ.

ಇನ್ನು ಬಸ್ಸು ರೈಲಿನ ಮಾತಿಗೆ ಬರೋಣ. 2016ರ ಚುನಾವಣೆಯಲ್ಲಿ ಖಾನ್ ಅವರು ನಾಲ್ಕು ವರ್ಷ ಪ್ರಯಾಣ ದರ ಏರುವುದಿಲ್ಲ ಎಂದು ಮಾತು ಕೊಟ್ಟರು. ಗೆದ್ದ ಮೇಲೆ ಬಸ್ಸಿನ ದರ ಏರಲಿಲ್ಲ, ಪಟ್ಟಣ ಸಾರಿಗೆಯ ಬಿಡಿ ಟಿಕೀಟಿನ ದರವೂ ಏರಲಿಲ್ಲ. ಮೊದಲ ಬಸ್ಸು ಹತ್ತಿದ ಒಂದು ಗಂಟೆಯೊಳಗೆ ಇನ್ನೊಂದು ಬಸ್ಸು ಹತ್ತಿದರೆ ಮತ್ತೆ ದುಡ್ಡು ಕೊಡಬೇಕಿಲ್ಲ ಎಂಬ ಸೌಕರ್ಯವೂ ಅದೇ ವರ್ಷ ಬಂತು. ಆದರೆ ದಿನಾ ಓಡಾಡುವವರು ಕೊಳ್ಳುವ ವಾರದ ಪಾಸು, ತಿಂಗಳ ಪಾಸುಗಳ ದರ ಏರಿತು. ಅವುಗಳ ದರ ನನ್ನೊಬ್ಬನ ಕೈಯಲ್ಲಿಲ್ಲ, ರೈಲು ಕಂಪನಿಗಳೂ ಅದರಲ್ಲಿ ಸೇರಿವೆ ಎಂಬುದು ಮೇಯರ್ ಕೊಟ್ಟ ಉತ್ತರ. ಮಾತು ಸುಳ್ಳಲ್ಲ. ಹಾಗಾದರೆ ಮಾತು ಕೊಡುವಾಗ ಅದನ್ನೇಕೆ ಹೇಳಲಿಲ್ಲ ಎಂದು ಅಸೆಂಬ್ಲಿಯಲ್ಲಿ ಮತ್ತೆ ಮತ್ತೆ ಕೇಳಿದರು. ಮಾತು ಕೊಟ್ಟ ದಿನ ಮತ್ತು ಜವಾಬು ಕೊಡುವ ದಿನ, ಇವೆರಡರ ನಡುವೆ ಎಷ್ಟು ಸಣ್ಣ ಅಕ್ಷರಗಳು ಹುಟ್ಟಿಕೊಂಡವು ಎಂದು ನೋಡುವುದೇ ಮೊದಲ ಪರೀಕ್ಷೆ.

ಎರಡನೆಯ ಪ್ರಸಂಗ ಒಂದು ಸೇತುವೆಯದು. ಬೋರಿಸ್ ಜಾನ್ಸನ್ ಕಾಲದಲ್ಲಿ ಥೇಮ್ಸ್ ನದಿಯ ಮೇಲೆ ಗಿಡಮರಗಳ ತೋಟವಿರುವ ಒಂದು ಸೇತುವೆ ಕಟ್ಟುವ ಹಂಚಿಕೆ ಹಾಕಿದರು. 2017ರಲ್ಲಿ ಅದನ್ನು ಕೈಬಿಟ್ಟರು. ಅಷ್ಟರಲ್ಲಿ ಒಂದು ಕಲ್ಲೂ ನದಿಗೆ ಇಳಿಯದೆ ಜನರ ಹಣ ಸುಮಾರು 4 ಕೋಟಿ 30 ಲಕ್ಷ ಪೌಂಡು ಮುಗಿದಿತ್ತು. ಜಾನ್ಸನ್ ಆಗ ಮೇಯರ್ ಆಗಿ ಉಳಿದಿರಲಿಲ್ಲ, ದೇಶದ ವಿದೇಶಾಂಗ ಮಂತ್ರಿಯಾಗಿದ್ದರು. ಆದರೂ 2018ರ ಮಾರ್ಚ್‌ನಲ್ಲಿ ಅಸೆಂಬ್ಲಿಯ ಸಮಿತಿಯ ಮುಂದೆ ಬಂದು ಕೂತು, ಆ ಸೇತುವೆಯ ಲೆಕ್ಕಕ್ಕೆ ಜವಾಬು ಹೇಳಬೇಕಾಯಿತು. ಹಣ ಮರಳಿ ಬರಲಿಲ್ಲ. ಆದರೆ ಖುರ್ಚಿ ಬಿಟ್ಟರೂ ಪ್ರಶ್ನೆ ಬೆನ್ನು ಬಿಡುವುದಿಲ್ಲ ಎಂಬುದು ಎಲ್ಲರಿಗೂ ಕಾಣಿಸಿತು.

ಪ್ರಶ್ನೆಯಿಂದ ಬಡವರಿಗೆ ಏನಾದರೂ ಸಿಕ್ಕಿತೇ? ಅದಕ್ಕೂ ಒಂದು ಉದಾಹರಣೆ ಕೊಡುತ್ತೇನೆ. ಹೆಚ್ಚು ಹೊಗೆ ಉಗುಳುವ ಹಳೆಯ ವಾಹನಗಳಿಗೆ ದಿನಕ್ಕೆ 12 ಪೌಂಡು 50 ಪೆನ್ನಿ ತೆರಿಗೆ ಎಂಬ ನಿಯಮವನ್ನು 2023ರ ಆಗಸ್ಟ್ 29ರಿಂದ ಇಡೀ ಲಂಡನ್ನಿಗೆ ಹರಡಿದರು. ಮಕ್ಕಳ ಉಸಿರಿಗಾಗಿ ಎಂದು ಮೇಯರ್ ಹೇಳಿದರು, ಅದೂ ನಿಜವೇ. ಆದರೆ ಹೊರವಲಯದಲ್ಲಿ ಬಸ್ಸು ಕಡಿಮೆ. ರಾತ್ರಿ ಪಾಳಿಯ ದಾದಿ, ಹಳೆಯ ವ್ಯಾನಿನಲ್ಲಿ ಸಾಮಾನು ಹೊರುವ ಬಡಗಿ ಏನು ಮಾಡಬೇಕು? ಐದು ಪಾಲಿಕೆಗಳು ಹೈಕೋರ್ಟಿಗೆ ಹೋಗಿ ಸೋತವು. ಆದರೆ ಈ ಪ್ರಶ್ನೆ ನಿಲ್ಲಲಿಲ್ಲ. ಕೊನೆಗೆ ಹಳೆಯ ಗಾಡಿ ಗುಜರಿಗೆ ಹಾಕುವವರಿಗೆ ಕೊಡುವ ನೆರವಿನ ನಿಧಿ 11 ಕೋಟಿ ಪೌಂಡಿನಿಂದ 16 ಕೋಟಿಗೆ ಏರಿತು. ಮೊದಲು ಕೆಲವರಿಗಷ್ಟೇ ಇದ್ದ ಆ ನೆರವು, ನಿಯಮಕ್ಕೆ ಹೊಂದದ ಗಾಡಿಯಿದ್ದ ಎಲ್ಲ ಲಂಡನ್ ನಿವಾಸಿಗಳಿಗೂ ಸಿಗುವಂತಾಯಿತು. ನಿಯಮವೂ ಉಳಿಯಿತು, ಬಡವನಿಗೆ ಒಂದಿಷ್ಟು ದಾರಿಯೂ ಆಯಿತು.

ಇನ್ನು ಪೊಲೀಸರ ವಿಷಯ. ಲಂಡನ್ ಪೊಲೀಸು ಪಡೆ 1829ರಷ್ಟು ಹಳೆಯದು. 2012ರಿಂದ ಅದರ ಮೇಲ್ವಿಚಾರಣೆ ಮೇಯರ್ ಕಚೇರಿಯದು. ಬಜೆಟ್ಟು, ವರ್ಷದ ಗುರಿ, ಕಮಿಷನರ ಕೆಲಸದ ಲೆಕ್ಕ ಅವನ ಕೈಯಲ್ಲಿ. ಆದರೆ ಯಾರನ್ನು ಹಿಡಿಯಬೇಕು, ಯಾರನ್ನು ಬಿಡಬೇಕು ಎಂದು ಮೇಯರ್ ಹೇಳುವಂತಿಲ್ಲ. ಈ ಗೆರೆ ಬಹಳ ಮುಖ್ಯ. ಗೆರೆ ಅಳಿಸಿದರೆ ಪೊಲೀಸರು ಪಕ್ಷದ ಕಾವಲುಗಾರರಾಗುತ್ತಾರೆ.

2021ರಲ್ಲಿ ಕೆಲಸದಲ್ಲಿದ್ದ ಪೊಲೀಸನೊಬ್ಬನೇ ದಾರಿಯಲ್ಲಿ ಹೋಗುತ್ತಿದ್ದ ಯುವತಿಯನ್ನು ಕರೆದೊಯ್ದು ಕೊಂದ. ಆ ಮೇಲೆ ಕೆಲವು ಪೊಲೀಸರು ತಮ್ಮೊಳಗೆ ಕಳಿಸಿಕೊಂಡ ಹೇಸಿಗೆಯ ಸಂದೇಶಗಳು ಹೊರಬಿದ್ದವು. 2022ರ ಫೆಬ್ರವರಿಯಲ್ಲಿ, ಕಮಿಷನರ ಮೇಲೆ ನನಗೆ ಭರವಸೆ ಉಳಿದಿಲ್ಲ ಎಂದು ಮೇಯರ್ ತಿಳಿಸಿದರು. ಕಮಿಷನರ್ ಕ್ರೆಸಿಡಾ ಡಿಕ್ ರಾಜೀನಾಮೆ ಕೊಟ್ಟರು. 2023ರ ಮಾರ್ಚ್‌ನಲ್ಲಿ ಲೂಯಿಸ್ ಕೇಸಿ ಎಂಬ ಹೆಣ್ಣುಮಗಳು ಬರೆದ ವರದಿ, ಈ ಪಡೆಯ ವ್ಯವಸ್ಥೆಯೊಳಗೇ ಜನಾಂಗಭೇದವೂ ಹೆಣ್ಣಿನ ತಿರಸ್ಕಾರವೂ ಇದೆ ಎಂದು ನೇರವಾಗಿ ಹೇಳಿತು. ಆಗ ಪ್ರಶ್ನೆ ಮೇಯರ್ ಕಡೆಗೂ ತಿರುಗಿತು. 2016ರಿಂದ ಮೇಲ್ವಿಚಾರಣೆ ನಿಮ್ಮದೇ ಇತ್ತಲ್ಲ, ಇಷ್ಟು ದಿನ ಏನು ನೋಡಿದಿರಿ? ಇನ್ನೊಬ್ಬರನ್ನು ಮನೆಗೆ ಕಳಿಸಿದ ಮಾತ್ರಕ್ಕೆ ತನ್ನ ಜವಾಬು ಮುಗಿಯುವುದಿಲ್ಲ.

ಮೂರನೆಯದು ಮನೆ. ಇಲ್ಲಿ ಅಂಕಿ ಹೇಗೆ ಕಣ್ಣು ಕಟ್ಟುತ್ತದೆ ನೋಡಿ. 2016ರಿಂದ 2023ರವರೆಗಿನ ಯೋಜನೆಯಲ್ಲಿ ಕೈಗೆಟುಕುವ ದರದ 1,16,000 ಮನೆಗಳ ಗುರಿ ಇಟ್ಟರು. ಗುರಿ ಮುಟ್ಟಿತು. ಆದರೆ ಅದು ಕೆಲಸ 'ಶುರುವಾದ' ಮನೆಗಳ ಲೆಕ್ಕ. ತಳಪಾಯ ತೋಡಿದ ಮನೆಯಲ್ಲಿ ಯಾರೂ ಒಲೆ ಹಚ್ಚುವುದಿಲ್ಲ. ಎಷ್ಟು ಮುಗಿದವು, ಎಷ್ಟರ ಬೀಗದ ಕೈ ಕೊಟ್ಟಿರಿ ಎಂಬುದು ಬೇರೆಯ ಪ್ರಶ್ನೆ. ಮುಂದಿನ ವರ್ಷ, ಅಂದರೆ 2023-24ರಲ್ಲಿ, ಶುರುವಾದ ಮನೆಗಳೇ 2,400ರ ಒಳಗೆ ಇಳಿದವು. ಬಡ್ಡಿ ಏರಿತು, ಸಾಮಾನಿನ ಬೆಲೆ ಏರಿತು, ಕೇಂದ್ರ ಸರಕಾರದ ಹೊಸ ಹಣ ತಡವಾಯಿತು ಎಂಬ ಕಾರಣ ಬಂತು. ಕಾರಣದಲ್ಲಿ ಸತ್ಯವಿದೆ. ಆದರೂ ಗುಡಿಸಲಿನಲ್ಲಿ ಕಾಯುವವನಿಗೆ ಕಾರಣ ಸೂರಾಗುವುದಿಲ್ಲ.

ಇನ್ನೊಂದು ಸಂಗತಿ ನಮ್ಮವರು ಮನಸ್ಸಿನಲ್ಲಿಡಬೇಕು. ಹಳೆಯ ಬಡಾವಣೆಗಳನ್ನು ಕೆಡವಿ ಹೊಸದಾಗಿ ಕಟ್ಟುವಾಗ ಅಲ್ಲಿದ್ದ ಬಡವರು ಎಲ್ಲಿಗೆ ಹೋಗಬೇಕು ಎಂದು ನಿವಾಸಿಗಳೂ ಅಸೆಂಬ್ಲಿಯ ಸದಸ್ಯರೂ ಹಟ ಹಿಡಿದು ಕೇಳಿದರು. 2018ರಿಂದ ಮೇಯರ್ ನಿಧಿ ಪಡೆಯುವ ಅಂಥ ದೊಡ್ಡ ಯೋಜನೆಗೆ ಮೊದಲು ಅಲ್ಲಿಯ ನಿವಾಸಿಗಳ ಮತ ಪಡೆಯಬೇಕು ಎಂಬ ನಿಯಮ ಬಂತು. ಮನೆ ಕೆಡವುವ ಮೊದಲು ಮನೆಯವನನ್ನು ಕೇಳಬೇಕು. ಇಷ್ಟು ಸಣ್ಣ ಮಾತಿಗೆ ಅಷ್ಟು ದೊಡ್ಡ ಪಟ್ಟಣದಲ್ಲೂ ಅಷ್ಟು ಹೊತ್ತು ಹಿಡಿಯಿತು.

ಈ ಏರ್ಪಾಡಿನಲ್ಲಿ ತೂತುಗಳಿಲ್ಲವೇ? ಇವೆ. ಅಸೆಂಬ್ಲಿಗೆ ಮೇಯರ್‌ನನ್ನು ತೆಗೆದುಹಾಕುವ ಅಧಿಕಾರವಿಲ್ಲ. ಬಜೆಟ್ಟು ತಿದ್ದಬೇಕಾದರೆ ಮೂರರಲ್ಲಿ ಎರಡು ಪಾಲು ಸದಸ್ಯರು ಕೂಡಬೇಕು, ಅದು ಕೂಡಿಬರುವುದು ಕಷ್ಟ. ಎಷ್ಟೋ ದಿನ ಸಭೆ ಪಕ್ಷಪಕ್ಷಗಳ ಜಗಳದಲ್ಲೇ ಮುಗಿಯುತ್ತದೆ. ಆದರೂ ಕೇಳಿದ್ದು ಬರಹದಲ್ಲಿ ಉಳಿಯುತ್ತದೆ, ಹೇಳಿದ್ದೂ ಉಳಿಯುತ್ತದೆ. ನಾಲ್ಕು ವರ್ಷಕ್ಕೊಮ್ಮೆ ಓಟು ಹಾಕುವವನ ಕೈಗೆ ಅದು ಸಿಗುತ್ತದೆ.

ಈಗ ನಮ್ಮ ಮುಂಬೈ ನೋಡಿ. ಅಲ್ಲಿ ಮಹಾಪೌರರಿಗೆ ಗೌರವ ದೊಡ್ಡದು, ಅಧಿಕಾರ ಸಣ್ಣದು. ಆಡಳಿತ ನಡೆಸುವವರು ರಾಜ್ಯ ಸರಕಾರ ನೇಮಿಸುವ ಆಯುಕ್ತರು. ಪೊಲೀಸರು ರಾಜ್ಯದ ಗೃಹ ಖಾತೆಗೆ, ಲೋಕಲ್ ರೈಲು ಕೇಂದ್ರಕ್ಕೆ, ಬೆಸ್ಟ್ ಬಸ್ಸು ಪಾಲಿಕೆಗೆ, ಮ್ಹಾಡಾ ಮನೆ ರಾಜ್ಯಕ್ಕೆ ಸೇರಿದ್ದು. ಕೇಳಬೇಕಾದವನು ನಾಲ್ಕು ಬಾಗಿಲು ತಟ್ಟಬೇಕು. 2022ರ ಮಾರ್ಚ್‌ನಲ್ಲಿ ಅವಧಿ ಮುಗಿದ ಮೇಲೆ ಮುಂಬೈಯಲ್ಲೂ ನಮ್ಮ ಸೊಲ್ಲಾಪುರದಲ್ಲೂ ಮೂರು ವರ್ಷಕ್ಕೂ ಮಿಕ್ಕಿ ಚುನಾಯಿತ ಸಭೆಯೇ ಇರಲಿಲ್ಲ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್ ನಂತರ ಐದು ವರ್ಷ ಅದೇ ಕತೆ. ಜವಾಬು ಕೇಳುವ ಪೀಠವೇ ಖಾಲಿಯಿದ್ದರೆ ಜವಾಬ್ದಾರ ಯಾರು?

ಗಡಿಯವರಾದ ನಮಗೆ ಇದು ಹೊಸದಲ್ಲ. ಕೆಲವು ವರ್ಷಗಳ ಹಿಂದೆ ನಮ್ಮೂರಿಗೆ ಬರುತ್ತಿದ್ದ ಸಂಜೆಯ ಬಸ್ಸು ನಿಂತಿತು. ಗಡಿಯಾಚೆಯ ಪೇಟೆಯ ಶಾಲೆಗೆ ಹೋಗುವ ಹೆಣ್ಣುಮಕ್ಕಳಿಗೆ ಅದೇ ಆಧಾರ. ಈಚೆ ಕೇಳಿದರೆ ಅದು ಆ ರಾಜ್ಯದ ಬಸ್ಸು ಎಂದರು. ಆಚೆ ಕೇಳಿದರೆ ನಿಮ್ಮೂರು ನಮ್ಮದಲ್ಲ ಎಂದರು. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುವ ಹಾಗೆ ಇಬ್ಬರು ಹುಡುಗಿಯರು ಶಾಲೆ ಬಿಟ್ಟರು. ಊರಿನ ಹತ್ತು ಜನ ಸೇರಿ ಬರಹದಲ್ಲಿ ಕೇಳಿದೆವು. ಈ ದಾರಿಗೆ ಪರವಾನಗಿ ಯಾರದು, ನಿಲ್ಲಿಸಿದ ಆದೇಶ ಯಾವ ತಾರೀಖಿನದು, ಸಹಿ ಯಾರದು ಎಂಬ ಮೂರೇ ಸಾಲು. ಆದೇಶವೇ ಇರಲಿಲ್ಲ. ಬಸ್ಸು ಮತ್ತೆ ಬಂತು. ಆದರೆ ಆ ಇಬ್ಬರಲ್ಲಿ ಒಬ್ಬಳಿಗೆ ಅಷ್ಟರಲ್ಲಿ ಮದುವೆಯಾಗಿತ್ತು. ನಾವು ಆರು ತಿಂಗಳು ಮೊದಲೇ ಕೇಳಬೇಕಿತ್ತು ಎಂಬುದು ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ಕೇಳುವ ಸಾಧನ ನಮಗೂ ಇದೆ. ನಮ್ಮ ಸಂವಿಧಾನದ 350ನೆಯ ಕಲಮು, ಕುಂದುಕೊರತೆಯ ಅರ್ಜಿಯನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು ಎಂದು ಹೇಳುತ್ತದೆ. ಕಾಸರಗೋಡಿನವರಿರಲಿ, ಜತ್ತದವರಿರಲಿ, ಕನ್ನಡದಲ್ಲಿ ಬರೆಯಲು ಅಂಜಬೇಕಿಲ್ಲ. 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಬರಬೇಕು. ಎಲ್ಲಕ್ಕಿಂತ ಹತ್ತಿರದ್ದು ನಮ್ಮ ಗ್ರಾಮಸಭೆ. ಅಲ್ಲಿ ಸಹಿ ಹಾಕಿ ಚಹಾ ಕುಡಿದು ಎದ್ದುಬರುವ ರೂಢಿ ಬಿಡೋಣ.

ಮುಂದಿನ ಗ್ರಾಮಸಭೆಗೆ ಹೋಗುವಾಗ ಮೂರು ಪ್ರಶ್ನೆ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಈ ಕೆಲಸ ಯಾರ ಕೈಯಲ್ಲಿದೆ? ಏನು ಮಾಡುತ್ತೇವೆ ಎಂದಿದ್ದಿರಿ, ಎಷ್ಟು ಮುಗಿಯಿತು? ಉಳಿದದ್ದು ಯಾವ ತಾರೀಖಿಗೆ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿಸಿ ಕೇಳಿ. ಅದರ ಮುಂದಿನ ಸಭೆಗೆ ಅದೇ ಚೀಟಿ ತೆಗೆದುಕೊಂಡು ಹೋಗಿ. ಕೇಳುವವರು ಹೆಣ್ಣುಮಕ್ಕಳಾದರೆ ಇನ್ನೂ ಒಳ್ಳೆಯದು, ನೀರು, ಬಸ್ಸು, ಸೂರು ಇವುಗಳ ಲೆಕ್ಕ ಅವರಿಗೇ ಚೆನ್ನಾಗಿ ಗೊತ್ತು.