ಮನೆಯ ವಿದ್ಯುತ್ ಹೊರೆ: ಲೆಕ್ಕ ಹಾಕುವ ಬಗೆ

(ಉಪನ್ಯಾಸದ ಪಾಠ)



ಮಲೆನಾಡಿನ ಅಡುಗೆಮನೆ ಬದಲಾಗುತ್ತಿದೆ. ಸೌದೆ ಒಲೆಯ ಪಕ್ಕಕ್ಕೆ ಗ್ಯಾಸ್ ಬಂದಿತು. ಗ್ಯಾಸಿನ ಪಕ್ಕಕ್ಕೆ ಈಗ ಇಂಡಕ್ಷನ್ ಒಲೆ ಬಂದಿದೆ. ಬಚ್ಚಲ ಹಂಡೆಯ ಕೆಲಸವನ್ನು ಎಷ್ಟೋ ಮನೆಗಳಲ್ಲಿ ಗೀಸರ್ ವಹಿಸಿಕೊಂಡಿದೆ. ಅಡುಗೆ, ಸ್ನಾನ, ಅರೆಯುವುದು, ಒಗೆಯುವುದು, ಬಾವಿಯಿಂದ ನೀರೆತ್ತುವುದು ಎಲ್ಲವೂ ವಿದ್ಯುತ್ತಿನಿಂದಲೇ ನಡೆಯುವ ಮನೆಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತಿವೆ. ಹೊಗೆಯಿಂದ ಹೆಣ್ಣುಮಕ್ಕಳಿಗೆ ಬಿಡುಗಡೆ, ಕಾಡಿನ ಮೇಲಿನ ಸೌದೆಯ ಒತ್ತಡಕ್ಕೆ ಇಳಿಕೆ: ಈ ಬದಲಾವಣೆಯಲ್ಲಿ ಒಳಿತು ಖಂಡಿತ ಇದೆ. ಆದರೆ ನಾಲ್ಕು ಬಲ್ಬು, ಒಂದು ಮಿಕ್ಸಿಗೆಂದು ಎಳೆದ ತಂತಿಯ ಮೇಲೆಯೇ ಇಷ್ಟೆಲ್ಲ ಭಾರವನ್ನು ಹೇರಿದರೆ ತಂತಿ ಕಾಯುತ್ತದೆ, ಮೀಟರ್ ಬೋರ್ಡು ಸುಡುತ್ತದೆ, ಪಕ್ಕದ ಮನೆಯ ದೀಪ ಮಂಕಾಗುತ್ತದೆ. ಆದ್ದರಿಂದ ಉಪಕರಣ ಕೊಳ್ಳುವ ಮೊದಲು ಒಂದು ಲೆಕ್ಕ ಅಗತ್ಯ. ಅದಕ್ಕೆ ಕೂಡುವುದು, ಗುಣಿಸುವುದು ಮತ್ತು ಭಾಗಿಸುವುದು ಬಂದರೆ ಸಾಕು.

ಮೊದಲಿಗೆ ಎರಡು ಮಾತುಗಳ ವ್ಯತ್ಯಾಸ ತಿಳಿಯಬೇಕು. ಬಿಲ್ಲಿನಲ್ಲಿ ಕಾಣುವ ಯೂನಿಟ್ ಎಂದರೆ ಒಟ್ಟು ಬಳಸಿದ ಶಕ್ತಿ. ಹೊರೆ ಅಥವಾ ಲೋಡ್ ಎಂದರೆ ಒಂದು ಕ್ಷಣದಲ್ಲಿ ತಂತಿಯಿಂದ ಸೆಳೆಯುವ ಪ್ರಮಾಣ. ಅದರ ಅಳತೆ ಕಿಲೋವಾಟ್. ತೋಟದ ಕಪ್ಪಿನಲ್ಲಿ ದಿನವಿಡೀ ಹರಿದ ನೀರು ಎಷ್ಟು ಎಂಬುದು ಯೂನಿಟ್. ಜಡಿಮಳೆಯ ಗಳಿಗೆಯಲ್ಲಿ ಅದೇ ಕಪ್ಪು ಎಷ್ಟು ನೀರನ್ನು ತಾಳಬೇಕು ಎಂಬುದು ಲೋಡ್. ಕಪ್ಪು ಒಡೆಯುವುದು ವರ್ಷದ ಒಟ್ಟು ಮಳೆಯಿಂದಲ್ಲ, ಒಂದು ಗಳಿಗೆಯ ರಭಸದಿಂದ. ತಂತಿಯೂ ಹಾಗೆಯೇ.

ನಾಲ್ಕು ಜನರ ಒಂದು ಕೃಷಿಕ ಕುಟುಂಬವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಹತ್ತು ಎಲ್ಇಡಿ ದೀಪಗಳಿಗೆ 100 ವಾಟ್, ನಾಲ್ಕು ಫ್ಯಾನುಗಳಿಗೆ 300, ಫ್ರಿಜ್ಜಿಗೆ 200, ಟಿವಿ ಮತ್ತು ಮೊಬೈಲ್ ಚಾರ್ಜಿಂಗಿಗೆ 150, ಮಿಕ್ಸಿಗೆ 750, ಗ್ರೈಂಡರಿಗೆ 150, ಇಸ್ತ್ರಿಪೆಟ್ಟಿಗೆಗೆ 1000, ಬಟ್ಟೆ ಒಗೆಯುವ ಯಂತ್ರಕ್ಕೆ 500, ಇಂಡಕ್ಷನ್ ಒಲೆಗೆ 2000, ಅನ್ನದ ಕುಕ್ಕರಿಗೆ 700, ಗೀಸರಿಗೆ 2000, ಒಂದು ಎಚ್‌ಪಿಯ ಪಂಪಿಗೆ ಸುಮಾರು 1000. ಒಟ್ಟು 8850 ವಾಟ್. ಇದನ್ನು 230 ವೋಲ್ಟಿನಿಂದ ಭಾಗಿಸಿದರೆ ಸುಮಾರು 38 ಆಂಪಿಯರ್. ಇದು ಮನೆಗೆ ಜೋಡಿಸಿದ ಒಟ್ಟು ಲೋಡ್.

ಆದರೆ ಇವೆಲ್ಲವೂ ಒಂದೇ ಹೊತ್ತಿಗೆ ನಡೆಯುವುದಿಲ್ಲ. ದಿನದ ಅತಿ ಭಾರದ ಗಳಿಗೆ ಯಾವುದು? ಮಕ್ಕಳು ಶಾಲೆಗೆ ಹೊರಡುವ ಮುಂಜಾವು. ಗೀಸರ್ 2000, ಇಂಡಕ್ಷನ್ 2000, ಮಿಕ್ಸಿ 750, ಫ್ರಿಜ್ 200, ದೀಪ ಇತ್ಯಾದಿ 150: ಒಟ್ಟು 5100 ವಾಟ್, ಅಂದರೆ ಸುಮಾರು 22 ಆಂಪಿಯರ್. ಅದೇ ಗಳಿಗೆಯಲ್ಲಿ ಪಂಪನ್ನೂ ಹಾಕಿದರೆ 26 ಆಂಪಿಯರ್ ದಾಟುತ್ತದೆ. ಮೋಟಾರು ಹೊರಡುವ ಕ್ಷಣದಲ್ಲಂತೂ ತನ್ನ ಮಾಮೂಲಿನ ಹಲವು ಪಟ್ಟು ಕರೆಂಟನ್ನು ಎಳೆಯುತ್ತದೆ.

ಈಗ ಗೀಸರನ್ನು ಮಾತ್ರ ಸ್ವಲ್ಪ ಹಿಂದಕ್ಕೆ ಸರಿಸಿ ನೋಡಬೇಕು. ಒಬ್ಬರ ಸ್ನಾನಕ್ಕೆ 20 ಲೀಟರ್ ನೀರು, 20 ಡಿಗ್ರಿಯಷ್ಟು ಬಿಸಿ ಏರಬೇಕು ಎಂದರೆ ಬೇಕಾಗುವುದು ಅರ್ಧ ಯೂನಿಟ್‌ಗಿಂತ ತುಸು ಕಡಿಮೆ. ನಾಲ್ವರಿಗೆ ಹತ್ತಿರಹತ್ತಿರ ಎರಡು ಯೂನಿಟ್. ಎರಡು ಕಿಲೋವಾಟಿನ ಗೀಸರಿಗೆ ಒಂದು ಗಂಟೆಯ ಕೆಲಸ. ಸಾಕಷ್ಟು ದೊಡ್ಡ ತೊಟ್ಟಿಯ ಗೀಸರನ್ನು ಐದು ಗಂಟೆಗೆ ಹಾಕಿ ಆರಕ್ಕೆ ಆರಿಸಿ, ಆಮೇಲೆ ಒಲೆ ಹಚ್ಚಿದರೆ ಯೂನಿಟ್ ಅಷ್ಟೇ ಖರ್ಚಾಗುತ್ತದೆ. ಭಾರದ ಗಳಿಗೆಯ ಲೋಡ್ ಮಾತ್ರ 5100ರಿಂದ 3100 ವಾಟಿಗೆ, 22ರಿಂದ 13.5 ಆಂಪಿಯರಿಗೆ ಇಳಿಯುತ್ತದೆ. ಅಡಿಕೆ ಸಿಪ್ಪೆ, ದರಗು ಉರಿಸುವ ಬಚ್ಚಲೊಲೆಯನ್ನು ಉಳಿಸಿಕೊಂಡ ಮನೆಗೆ ಈ ಹೊರೆಯೇ ಇಲ್ಲ.

ಬಯಲುಸೀಮೆಯ ಊರಿಗಿಂತ ಮಲೆನಾಡಿಗೆ ಈ ಲೆಕ್ಕ ಹೆಚ್ಚು ಮುಖ್ಯವಾಗಲು ಕಾರಣ ದೂರ. ಇಲ್ಲಿ ಮನೆಗಳು ಚದುರಿವೆ. ಕಂಬದಿಂದ ಮನೆಗೆ ನೂರು ಮೀಟರ್ ಸರ್ವಿಸ್ ವೈರ್ ಎಳೆಯುವುದು ವಿಶೇಷವಲ್ಲ. 4 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ತಂತಿಯ ರೋಧ ಕಿಲೋಮೀಟರಿಗೆ ಸುಮಾರು 7.5 ಓಮ್. ಕರೆಂಟು ಹೋಗಿ ಮರಳಬೇಕಾದ್ದರಿಂದ ನೂರು ಮೀಟರ್ ಎಂದರೆ ಇನ್ನೂರು; ರೋಧ 1.5 ಓಮ್. ಅದರಲ್ಲಿ 22 ಆಂಪಿಯರ್ ಹರಿದರೆ ದಾರಿಯಲ್ಲೇ 33 ವೋಲ್ಟ್ ಕಳೆದುಹೋಗುತ್ತದೆ. ಕಂಬದಲ್ಲಿ 230 ಇದ್ದರೂ ಮನೆಗೆ ತಲುಪುವುದು 197. ಎರಡು ಕಿಲೋವಾಟಿನ ಗೀಸರ್ ಆಗ ಒಂದೂವರೆ ಕಿಲೋವಾಟಿನಷ್ಟೇ ಕೆಲಸ ಮಾಡುತ್ತದೆ. ತಂತಿಯು ತಾನೇ 700 ವಾಟಿಗೂ ಮೀರಿ ಬಿಸಿಯಾಗಿ ಗಾಳಿಗೆ ಚೆಲ್ಲುತ್ತದೆ. ಆ ತಂತಿ ಮೀಟರಿನ ಈಚೆಗಿದ್ದರೆ ಅದಕ್ಕೂ ಹಣ ತೆರಬೇಕು. 16 ಚದರ ಮಿಲಿಮೀಟರಿನ ತಂತಿ ಹಾಕಿದರೆ ನಷ್ಟ ಎಂಟು ವೋಲ್ಟಿನ ಆಸುಪಾಸಿಗೆ ಇಳಿಯುತ್ತದೆ. ಹಲವು ಮನೆಗಳ ವೋಲ್ಟೇಜ್ ದೂರಿಗೆ ಟ್ರಾನ್ಸ್‌ಫಾರ್ಮರ್ ಒಂದೇ ಕಾರಣವಲ್ಲ. ಸಪೂರ ತಂತಿಯೂ ಕಾರಣವಾಗಿರಬಹುದು.

ಅಮೆರಿಕದ ವಿದ್ಯುತ್ ಸಂಹಿತೆಯ 2023ರ ಆವೃತ್ತಿಯಲ್ಲಿ ಪೂರ್ಣ ವಿದ್ಯುತ್ ಮನೆಗಳಿಗೆ ಅನ್ವಯಿಸಬಹುದಾದ ಒಂದು ಸರಳ ವಿಧಾನವಿತ್ತು. ಮನೆಯನ್ನು ಬಿಸಿ ಅಥವಾ ತಂಪು ಮಾಡುವ ಯಂತ್ರಗಳನ್ನು ಬೇರೆಯಾಗಿ ಎಣಿಸಿ, ಉಳಿದ ಲೋಡಿನಲ್ಲಿ ಮೊದಲ 10 ಕೆವಿಎಯನ್ನು ಪೂರ್ತಿಯಾಗಿ, ಅದರ ಮೇಲಿನದನ್ನು ಶೇಕಡಾ 40ರಷ್ಟು ಹಿಡಿಯುತ್ತಿದ್ದರು. 24 ಕೆವಿಎ ಇದ್ದ ಮನೆಯ ಲೆಕ್ಕ 15.6ಕ್ಕೆ ಇಳಿಯುತ್ತಿತ್ತು. ಉಪಕರಣಗಳು ಹೆಚ್ಚಾದಷ್ಟೂ ಎಲ್ಲವೂ ಒಟ್ಟಿಗೆ ನಡೆಯುವ ಸಂಭವ ಕಡಿಮೆ ಎಂಬುದೇ ಇದರ ಹಿಂದಿನ ತರ್ಕ. ತತ್ತ್ವ ಸರಿ, ಆದರೆ ಶೇಕಡಾ 40ರ ಅಂಕಿಯನ್ನು ಇಲ್ಲಿನ ಚಿಕ್ಕ ಮನೆಗೆ ಹಾಗೆಯೇ ತಂದು ಹಚ್ಚಬಾರದು. ಒಲೆ ಮತ್ತು ಗೀಸರ್ ಎರಡೇ ಮುಕ್ಕಾಲು ಭಾರವನ್ನು ಹೊರುವ ಮನೆಯಲ್ಲಿ ಆ ಎರಡೂ ಒಟ್ಟಿಗೆ ನಡೆಯುವ ಸಂಭವವೇ ಹೆಚ್ಚು. ಅದರಿಂದ ಇಲ್ಲಿಯ ಮನೆಯವರು ತಮ್ಮ ದಿನಚರಿಯನ್ನೇ ನೋಡಿ ಲೆಕ್ಕ ಹಾಕಬೇಕು.

ಈ ಲೆಕ್ಕಕ್ಕೂ ಕಣಿವೆಗಳ ಭವಿಷ್ಯಕ್ಕೂ ನೇರ ಸಂಬಂಧವಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮುಳುಗಿದ ಊರುಗಳ ಕಥೆ ಇಲ್ಲಿಯ ಹಿರಿಯರಿಗೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿಯವರು ಮತ್ತು ಅವರ ಸಹೋದ್ಯೋಗಿಗಳು ಕರ್ನಾಟಕದ ವಿದ್ಯುತ್ ಬೇಡಿಕೆಯನ್ನು ಬೇರೊಂದು ಬಗೆಯಲ್ಲಿ ಎಣಿಸಿ 1991ರಲ್ಲಿ ಪ್ರಕಟಿಸಿದರು. ಹಿಂದಿನ ಬೆಳವಣಿಗೆಯ ಗೆರೆಯನ್ನು ಮುಂದಕ್ಕೆ ಎಳೆಯುವ ಬದಲು, ಜನರಿಗೆ ಬೇಕಾದ ಬೆಳಕು, ಬಿಸಿನೀರು, ನೀರಾವರಿ ಎಷ್ಟು ಎಂದು ಕೇಳಿ ಕೆಳಗಿನಿಂದ ಕೂಡುತ್ತ ಹೋದರು. ಸಿಕ್ಕ ಮೊತ್ತ ಸರ್ಕಾರಿ ಸಮಿತಿಯ ಅಂದಾಜಿಗಿಂತ ಬಹಳ ಕಡಿಮೆಯಾಗಿತ್ತು. ಇಂದು ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಶರಾವತಿ ಕಣಿವೆಯಲ್ಲಿ ರೂಪಿಸಿರುವ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಗೂ ಕೊಡುವ ಮುಖ್ಯ ಸಮರ್ಥನೆ ಭಾರದ ಗಳಿಗೆಯ ಬೇಡಿಕೆಯೇ. ಆ ಬೇಡಿಕೆಯ ಬಹುಪಾಲು ನಗರ ಮತ್ತು ಕೈಗಾರಿಕೆಗಳದು. ಹಳ್ಳಿಯ ಗೀಸರೊಂದೇ ಅದಕ್ಕೆ ಹೊಣೆಯಲ್ಲ. ಆದರೆ ಅದನ್ನು ಪ್ರಶ್ನಿಸಲು ಹೊರಡುವವರ ಕೈಯಲ್ಲಿ ತಮ್ಮ ಮನೆಯ ಲೆಕ್ಕವಿದ್ದರೆ ಮಾತಿಗೆ ತೂಕ ಬರುತ್ತದೆ.

ಊರಿನ ಮಟ್ಟದಲ್ಲೂ ಇದರ ಫಲ ಕಾಣುತ್ತದೆ. ಮುಂಜಾನೆ 5.1 ಕಿಲೋವಾಟ್ ಎಳೆಯುವ ಮನೆಗಳಾದರೆ 25 ಕೆವಿಎ ಟ್ರಾನ್ಸ್‌ಫಾರ್ಮರ್ ಐದಕ್ಕಿಂತ ಹೆಚ್ಚನ್ನು ಹೊರಲಾರದು, 3.1 ಕಿಲೋವಾಟಿನ ಮನೆಗಳಾದರೆ ಎಂಟನ್ನು ಹೊರುತ್ತದೆ. ಮಂಜೂರಾದ ಲೋಡಿನ ಪ್ರತಿ ಕಿಲೋವಾಟಿಗೂ ನಿಗದಿತ ಶುಲ್ಕವಿರುವುದರಿಂದ ಬೇಡದಷ್ಟು ಲೋಡ್ ಕೇಳುವುದು ನಷ್ಟ. ಬೇಕಾದುದನ್ನು ಮುಚ್ಚಿಡುವುದು ಅಪಾಯ.

ವಿದ್ಯಾರ್ಥಿಗಳು ಈ ಭಾನುವಾರ ತಮ್ಮ ಮನೆಯ ಉಪಕರಣಗಳ ಹಿಂಬದಿಯ ಚೀಟಿ ಓದಿ ವಾಟುಗಳನ್ನು ಬರೆದುಕೊಳ್ಳಲಿ. ಯಾವುದು ಯಾವ ಹೊತ್ತಿಗೆ ನಡೆಯುತ್ತದೆ ಎಂದು ಅಮ್ಮನನ್ನೋ ಅಜ್ಜಿಯನ್ನೋ ಕೇಳಿ ಎದುರಿಗೆ ಗುರುತಿಸಲಿ. ಕಂಬದಿಂದ ಮನೆಗೆ ಹೆಜ್ಜೆ ಎಣಿಸಲಿ. ತಂತಿಯನ್ನು ಮುಟ್ಟುವ ಕೆಲಸ ಪರವಾನಗಿ ಪಡೆದ ವಯರಿಂಗ್‌ನವರದು. ಗೀಸರಿಗೂ ಒಲೆಗೂ ಪ್ರತ್ಯೇಕ ತಂತಿ, ಸರಿಯಾದ ಎಂಸಿಬಿ, ಸೋರಿಕೆ ತಡೆಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಮತ್ತು ಒಳ್ಳೆಯ ಅರ್ಥಿಂಗ್ ಇವೆಯೇ ಎಂದು ಅವರಿಂದ ಕೇಳಿ ತಿಳಿಯಬೇಕು. ಹತ್ತು ಮನೆಗಳ ಪಟ್ಟಿ ಸೇರಿದರೆ ಅದನ್ನು ಗ್ರಾಮಸಭೆಯ ಮುಂದಿಟ್ಟು, ಊರಿಗೆ ಬೇಕಾದ ಟ್ರಾನ್ಸ್‌ಫಾರ್ಮರ್ ಎಷ್ಟು ದೊಡ್ಡದು ಎಂದು ಅಂಕಿಸಂಖ್ಯೆಯೊಡನೆಯೇ ಕೇಳಬಹುದು.