ಸಹಿ ಇಲ್ಲದ ಆರ್ಡರಿಗೆ ಮಿಷಿನ್ ತಿರುಗಿಸಬೇಡಿ!

(ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)



ನನಗೆ ಮೈಕು ಹಿಡಿದು ಅಭ್ಯಾಸವಿಲ್ಲ. ಪಿ.ಯು.ಸಿ. ಮುಗಿಸಿ ಪ್ರೆಸ್ಸಿಗೆ ಸೇರಿದವನು. ಸ್ವಂತ ಉದ್ಯೋಗ ಮಾಡಿ ಅಂತ ನಿಮಗೆ ಎಲ್ಲರೂ ಹೇಳ್ತಾರೆ. ಕೆಲಸ ಎಲ್ಲಿಂದ ತರೋದು ಅಂತ ಯಾರೂ ಹೇಳಲ್ಲ. ದೊಡ್ಡ ಟೆಂಡರಿಗೆ ಬೇಕಾದಷ್ಟು ವಹಿವಾಟು, ಮಿಷಿನ್ನು ನಮ್ಮ ಹತ್ತಿರ ಎಲ್ಲಿದೆ? ಆದರೆ ಟೆಂಡರು ಹಿಡಿದ ದೊಡ್ಡವನು ಎಲ್ಲವನ್ನೂ ತಾನೇ ಮಾಡ್ತಾನಾ? ಇಲ್ಲ! ಪ್ರಿಂಟಿಂಗು ಒಬ್ಬನಿಗೆ, ಲ್ಯಾಮಿನೇಷನ್ನು ಇನ್ನೊಬ್ಬನಿಗೆ, ಬೈಂಡಿಂಗು ಮತ್ತೊಬ್ಬನಿಗೆ ಹಂಚ್ತಾನೆ. ಆ ಸಬ್ ಕಾಂಟ್ರಾಕ್ಟಿನಲ್ಲೇ ನಮ್ಮ ಅನ್ನ ಇರೋದು.

ಅನ್ನ ಇದೆ, ಕಲ್ಲೂ ಇದೆ. 2009ರಲ್ಲಿ ಒಬ್ಬ ದೊಡ್ಡ ಕಾಂಟ್ರಾಕ್ಟರು ಫೋನಿನಲ್ಲೇ ನಲವತ್ತು ಸಾವಿರ ನೋಟ್‌ಬುಕ್ ರಟ್ಟು ಪ್ರಿಂಟ್ ಮಾಡಿಕೊಡಿ ಅಂದರು. ಪೇಪರ್ ಅಂಗಡಿಯಲ್ಲಿ ಸಾಲ ತಂದೆ. ಮೂರು ರಾತ್ರಿ ಮಿಷಿನ್ ನಿಲ್ಲಿಸಲಿಲ್ಲ. ಮಾಲು ಹೋಗಿ ಎರಡು ತಿಂಗಳಾದ ಮೇಲೆ, ಕೆಂಪು ಬಣ್ಣ ಜಾಸ್ತಿಯಾಗಿದೆ ಅಂತ ಬಿಲ್ಲಿನಲ್ಲಿ ಕಾಲು ಭಾಗ ಕತ್ತರಿಸಿದರು. ಅಷ್ಟರಲ್ಲಿ ಆ ನೋಟ್‌ಬುಕ್ಕಿನಲ್ಲಿ ಮಕ್ಕಳು ಅರ್ಧ ಬರೆದೂ ಆಗಿತ್ತು! ನನ್ನ ಕೈಯಲ್ಲಿ ಏನಿತ್ತು? ಆರ್ಡರ್ ಕಾಗದ ಇಲ್ಲ, ಸಹಿ ಆದ ಸ್ಯಾಂಪಲ್ ಇಲ್ಲ, ಚಲನ್ ಮೇಲೆ ಗೇಟಿನವನ ಸೊಟ್ಟ ಗೀಟು ಒಂದೇ. ನಡೀತಿದ್ದ ಚೀಟಿಯನ್ನು ನಷ್ಟಕ್ಕೆ ಕೂಗಿ ಎತ್ತಿ ಪೇಪರ್ ಸಾಲ ತೀರಿಸಿದೆ. ಮನೆಯವಳಿಗೆ ಪೂರ್ತಿ ಲೆಕ್ಕ ಇವತ್ತಿಗೂ ಹೇಳಿಲ್ಲ. ಪತ್ರಿಕೆಯವರು ಇದನ್ನು ಅಚ್ಚು ಹಾಕದಿದ್ದರೆ ಸಾಕು.

ಈಗ ಮೊದಲು ಒಂದು ಶೀಟು ಹೊಡೆದು ಅದರ ಮೇಲೇ ಪಾರ್ಟಿಯ ಸಹಿ, ತಾರೀಖು ಹಾಕಿಸ್ತೀನಿ. ಆರ್ಡರಿನಲ್ಲಿ ಪೇಪರ್ ಎಷ್ಟು ಜಿ.ಎಸ್.ಎಂ., ವೇಸ್ಟೇಜು ಎಷ್ಟು, ಗಾಡಿ ಬಾಡಿಗೆ ಯಾರದು, ದುಡ್ಡು ಎಷ್ಟು ದಿನಕ್ಕೆ, ಎಲ್ಲ ಇರಬೇಕು. ಪೇಪರ್ ಅವರದಾದರೆ ವೇಸ್ಟೇಜು ಬರೆಸಲೇಬೇಕು. ಇಲ್ಲದಿದ್ದರೆ ಹಾಳಾದ ಒಂದೊಂದು ಶೀಟೂ ನಿಮ್ಮ ಕೂಲಿಯಲ್ಲಿ ಕಡಿತ. ಆರ್ಡರು ಇಂಗ್ಲಿಷಿನಲ್ಲಿದೆ ಅಂತ ಓದದೆ ಒಪ್ಪಬೇಡಿ. ಕನ್ನಡದಲ್ಲಿ ಹೇಳಿ ಅಂತ ಕೇಳಿ, ನಾಚಿಕೆ ಯಾಕೆ? ರೇಟು ಹೇಳುವಾಗ ದುಡ್ಡು ಬರೋ ತನಕದ ಬಡ್ಡಿಯನ್ನೂ ಸೇರಿಸಿ. ಪಕ್ಕದವನು ಹತ್ತು ಪೈಸೆ ಕಮ್ಮಿ ಅಂದರೆ ಅವನೇ ಮಾಡಲಿ ಬಿಡಿ.

ಇನ್ನು ಕಾನೂನು. ನಮ್ಮಂಥ ಕಿರು, ಸಣ್ಣ ಉದ್ಯಮಗಳಿಗೆ ಅಂತ 2006ರಲ್ಲಿ ಕಾಯ್ದೆ ಬಂತು. ಲಿಖಿತ ಒಪ್ಪಂದ ಇದ್ದರೂ ದುಡ್ಡಿನ ಗಡುವು 45 ದಿನ ಮೀರೋ ಹಾಗಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮಾಲು ತಲುಪಿದ 15 ದಿನದೊಳಗೆ ಬರೆದು ತಕರಾರು ಕೊಡದಿದ್ದರೆ ಒಪ್ಪಿಕೊಂಡ ಹಾಗೇ ಲೆಕ್ಕ. ಇದೊಂದು ಮಾತು 2009ರಲ್ಲಿ ನನಗೆ ಗೊತ್ತಿದ್ದರೆ! ತಡ ಮಾಡಿದವರಿಗೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತೆ. ರಾಜ್ಯದ ಫೆಸಿಲಿಟೇಷನ್ ಕೌನ್ಸಿಲ್‌ಗೆ ದೂರು ಕೊಡಬಹುದು. ಅಲ್ಲಿನ ತೀರ್ಪಿನ ವಿರುದ್ಧ ಅವರು ಕೋರ್ಟಿಗೆ ಹೋಗಬೇಕಾದರೆ ಮುಕ್ಕಾಲು ಪಾಲು ಹಣ ಮೊದಲು ಕಟ್ಟಬೇಕು.

ಇದಕ್ಕೆಲ್ಲ ಕೆಲಸ ಹಿಡಿಯೋ ಮೊದಲೇ ಉದ್ಯಮ್ ನೋಂದಣಿ ಮಾಡಿಸಿ. 2020ರ ಜುಲೈಯಿಂದ ಇದು ಜಾರಿಯಲ್ಲಿದೆ, ಒಂದು ಕಾಸೂ ಫೀಸಿಲ್ಲ. ಬ್ರೋಕರಿಗೆ ಸಾವಿರ ಕೊಟ್ಟು ಬಂದ ಹುಡುಗರನ್ನು ನೋಡಿ ಹೊಟ್ಟೆ ಉರಿಯುತ್ತೆ. 2023ರಲ್ಲಿ ಆದಾಯ ತೆರಿಗೆ ಕಾನೂನಿಗೂ ತಿದ್ದುಪಡಿ ಬಂತು: ಗಡುವು ಮೀರಿ ಉಳಿಸಿಕೊಂಡ ನಮ್ಮ ಬಾಕಿಯನ್ನು ಅವರು ನಿಜವಾಗಿ ಕೊಡೋ ತನಕ ಖರ್ಚಿಗೆ ಹಾಕೋ ಹಾಗಿಲ್ಲ. ಮಾರ್ಚ್ ಬಂದರೆ ಅವರ ಅಕೌಂಟೆಂಟೇ ಫೋನ್ ಮಾಡಿ ಉದ್ಯಮ್ ನಂಬರು ಕೇಳ್ತಾರೆ!

ದೂರು ಕೊಟ್ಟರೆ ಮುಂದಿನ ಕೆಲಸ ಸಿಗಲ್ಲ ಅನ್ನೋ ಭಯ ನನಗೂ ಇದೆ, ಸುಳ್ಳು ಹೇಳಲ್ಲ. ಒಬ್ಬನೇ ಗಿರಾಕಿಯನ್ನು ನಂಬಿದರೆ ಆ ಭಯ ಹೋಗಲ್ಲ. 1953ರಲ್ಲಿ ಬೆಂಗಳೂರಲ್ಲಿ ಶುರುವಾದ ಎಚ್.ಎಂ.ಟಿ.ಯ ವಾಚು ಕಂಪನಿ ಮುಚ್ಚೋಕೆ 2016ರಲ್ಲಿ ಸರ್ಕಾರವೇ ಒಪ್ಪಿತು. ಅಂಥದ್ದೇ ಮುಚ್ಚಿದ ಮೇಲೆ ಯಾವ ಗಿರಾಕಿ ಶಾಶ್ವತ ಹೇಳಿ? ನನಗೆ ಈಗ ಐದು ಜನ ಕಾಂಟ್ರಾಕ್ಟರು. ಯಾರ ಕೆಲಸವೂ ಮೂರರಲ್ಲಿ ಒಂದು ಪಾಲು ಮೀರದ ಹಾಗೆ ನೋಡಿಕೊಳ್ತೀನಿ.

ಹೋದ ವರ್ಷ ಅವರಲ್ಲೊಬ್ಬರು ಎಪ್ಪತ್ತು ದಿನ ಎಳೆದರು. ಬಡ್ಡಿ ಲೆಕ್ಕ ಹಾಕಿ ಪತ್ರ ಬರೆದೆ, ಕನ್ನಡದಲ್ಲೇ. ಹತ್ತನೇ ದಿನ ಅಸಲು ಬಂತು, ಬಡ್ಡಿ ಬರಲಿಲ್ಲ. ಮೊನ್ನೆ ಮತ್ತೆ ಕೆಲಸ ತಂದರು. ಸ್ಯಾಂಪಲ್ ಶೀಟಿನ ಮೇಲೆ ಈ ಸಲ ಮಾಲೀಕರೇ ಸಹಿ ಹಾಕಿದ್ದಾರೆ.