ಜೀವಕೋಶದ ತಿರುಳು ಮತ್ತು ಅದರ ಪೊರೆ

ಕನ್ನಡದಲ್ಲಿ 'ಪೊರೆ' ಎಂಬುದು ಬಹು ಅರ್ಥವತ್ತಾದ ಮಾತು. ನಾಮಪದವಾದಾಗ ಅದು ತೆಳುವಾದ ಹೊದಿಕೆ. ಹಾವು ಕಳಚುವುದೂ ಪೊರೆಯೇ, ಕಣ್ಣಿಗೆ ಬರುವುದೂ ಪೊರೆಯೇ. ಕ್ರಿಯಾಪದವಾದಾಗ ಕಾಪಾಡು, ಸಲಹು ಎಂದರ್ಥ. ಈ ಎರಡು ಅರ್ಥಗಳೂ ಕೂಡಿರುವ ವಸ್ತುವೊಂದು ನಮ್ಮ ದೇಹದಲ್ಲಿ ಕೋಟಿಗಟ್ಟಲೆಯಾಗಿ ಇದೆ. ಅದೇ ಜೀವಕೋಶದ ಕೇಂದ್ರವನ್ನು ಸುತ್ತಿರುವ ಪೊರೆ.

1831ರಲ್ಲಿ ರಾಬರ್ಟ್ ಬ್ರೌನ್ ಎಂಬ ಸಸ್ಯವಿಜ್ಞಾನಿ ಆರ್ಕಿಡ್ ಗಿಡದ ಕೋಶಗಳಲ್ಲಿ ಕಂಡ ದುಂಡನೆಯ ಬೊಟ್ಟನ್ನು 'ನ್ಯೂಕ್ಲಿಯಸ್' ಎಂದು ಕರೆದನು. ಅವನಿಗಿಂತ ಮೊದಲೂ ಕೆಲವರು ಅದನ್ನು ನೋಡಿದ್ದುಂಟು; ಹೆಸರು ನಿಂತದ್ದು ಅವನಿಂದ. ಲ್ಯಾಟಿನ್ನಿನಲ್ಲಿ ಆ ಮಾತಿಗೆ ತಿರುಳು ಎಂದರ್ಥ.

ಈ ತಿರುಳು ಎಷ್ಟು ದೊಡ್ಡದು? 150ಕ್ಕೂ ಹೆಚ್ಚು ತಿರುಳುಗಳನ್ನು ಸಾಲಾಗಿಟ್ಟರೆ ಒಂದು ಮಿಲಿಮೀಟರ್ ಆದೀತು. ಅಷ್ಟರೊಳಗೆ ಒಟ್ಟು ಸುಮಾರು 2 ಮೀಟರ್ ಉದ್ದದ ಡಿ.ಎನ್.ಎ. ಎಳೆಯು 46 ತುಂಡುಗಳಾಗಿ ಸುತ್ತಿಕೊಂಡಿದೆ. ದೇಹವನ್ನು ಕಟ್ಟುವ ವಿಧಿ ಅದರಲ್ಲಿ ಬರೆದಿದೆ. ಒಳ್ಳೆಯ ಗ್ರಂಥಭಂಡಾರದಲ್ಲಿ ಮೂಲ ಓಲೆಯನ್ನು ಹೊರಗೆ ಕೊಡುವುದಿಲ್ಲವಷ್ಟೆ. ಬೇಕಾದ ಭಾಗಕ್ಕೆ ಪ್ರತಿ ಮಾಡಿ ಕೊಡುತ್ತಾರೆ. ಇಲ್ಲಿಯೂ ಹಾಗೆಯೇ. ಆ ಪ್ರತಿಯ ಹೆಸರು ಆರ್.ಎನ್.ಎ. ಅದನ್ನು ಓದಿಕೊಂಡು, ಹೊರಗಿರುವ ರೈಬೋಸೋಮುಗಳು ಪ್ರೋಟೀನುಗಳನ್ನು ಕಟ್ಟುತ್ತವೆ.

ಭಂಡಾರದ ಗೋಡೆಯೇ ಪೊರೆ. ಅದಕ್ಕೆ ಎರಡು ಪದರಗಳು, ಸಾವಿರಾರು ರಂಧ್ರಗಳು. ಸಣ್ಣ ಅಣುಗಳು ತಾವಾಗಿ ನುಸುಳಿ ಹೋಗುತ್ತವೆ. ದೊಡ್ಡ ಪ್ರೋಟೀನಾದರೋ ಮೈಮೇಲೆ ಗುರುತಿನ ಚೀಟಿಯಿಲ್ಲದೆ ಒಳಗೆ ಕಾಲಿಡುವಂತಿಲ್ಲ. ಕೋಶವು ಒಡೆದು ಎರಡಾಗುವ ಹೊತ್ತಿಗೆ ಈ ಪೊರೆ ಚದರಿಹೋಗಿ, ಬಳಿಕ ಎರಡು ತಿರುಳುಗಳ ಸುತ್ತಲೂ ಮತ್ತೆ ಕೂಡಿಕೊಳ್ಳುತ್ತದೆ.

ಪೊರೆಯ ಒಳಮೈಗೆ ಆಸರೆಯಾಗಿ ಲ್ಯಾಮಿನ್ ಎಂಬ ಪ್ರೋಟೀನಿನ ಜಾಲರಿಯಿದೆ. ಅದರ ಬೆಲೆ ತಿಳಿಯುವುದು ಅದು ಕೆಟ್ಟಾಗ. ಪ್ರೊಜೀರಿಯ ಎಂಬ ಅತಿ ವಿರಳವಾದ ರೋಗವುಳ್ಳ ಮಕ್ಕಳಿಗೆ ಎಳವೆಯಲ್ಲಿಯೇ ತಲೆಗೂದಲು ಉದುರಿ, ಚರ್ಮ ಬಿಗಿದು, ರಕ್ತನಾಳಗಳು ಪೆಡಸಾಗುತ್ತವೆ. ಬುದ್ಧಿಗೆ ಕುಂದಿಲ್ಲ. ಚಿಕಿತ್ಸೆಯಿಲ್ಲದಿದ್ದರೆ ಹೆಚ್ಚಿನವರು 15 ವರ್ಷ ದಾಟುವುದು ಕಷ್ಟ. ಇವರಲ್ಲಿ ಬಹುಮಂದಿಗೆ ಲ್ಯಾಮಿನ್ನಿನ ವಿಧಿಯಲ್ಲಿ ಒಂದೇ ಒಂದು ಅಕ್ಷರ ಪಲ್ಲಟವಾಗಿರುವುದೆಂದು 2003ರಲ್ಲಿ ತಿಳಿದುಬಂದಿತು. ಕೆಟ್ಟ ಲ್ಯಾಮಿನ್ ಪೊರೆಗೆ ಅಂಟಿಕೊಂಡು ತಿರುಳಿನ ಆಕಾರವನ್ನೇ ಕೆಡಿಸುತ್ತದೆ. ಹಾಗೆ ಅಂಟದಂತೆ ತಡೆಯುವ ಲೋನಾಫಾರ್ನಿಬ್ ಎಂಬ ಔಷಧಿಗೆ ಅಮೆರಿಕದಲ್ಲಿ 2020ರಲ್ಲಿ ಅನುಮತಿ ದೊರೆಯಿತು. ಅದರಿಂದ ರೋಗ ವಾಸಿಯಾಗದು; ಆಯುಸ್ಸು ಕೆಲವು ವರ್ಷ ಬೆಳೆಯುತ್ತದೆ. ಆ ಮಕ್ಕಳ ತಾಯಿತಂದೆಗಳಿಗೆ ಅದು ಅಲ್ಪವಾದ ಲಾಭವೇನೂ ಅಲ್ಲ.